ನಾಸಿಕಾಚಾರ್ಯರಿಗೆ ನೆಗಡಿ

ಸೋಪಿನ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ನಾಸಿಕಾಚಾರ್ಯರು ಎಂದೇ ಕರೆಯುತ್ತಿದ್ದರು. ತಯಾರಾದ ಸೋಪನ್ನೆಲ್ಲ ಮೂಸಿ ನೋಡಿ "ಸರಿ" ಎನ್ನುವುದೇ ಅವರ ಉದ್ಯೋಗ. ಅವರು ಸರಿ ಎಂದರೆ ಮುಗಿಯಿತು, ಮಾಲೀಕರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಅಂಥ ಮಹಾನಾಸಿಕಕ್ಕೆ ನೆಗಡಿ ಬಂತು!

"ಡಾಕ್ಟರಿಗೆ ತೋರಿಸಿ," ಎಂದಳು ಹೆಂಡತಿ.

"ನನ್ನ ಮೂಗಿಗೆ ಡಾಕ್ಟರೇ? ಈ ಮೂಗು ಕಂಡರೆ ನೆಗಡಿಯೇ ಹೆದರಿ ಓಡುತ್ತೆ, ನೋಡ್ತಿರು!"

ನೆಗಡಿ ಓಡಲಿಲ್ಲ, ಸಂಸಾರ ಹೂಡಿತು. ಮೂಗು ಕಟ್ಟಿತು. ಕೆನ್ನೆ ಭಾರವಾಯಿತು. ಬಗ್ಗಿದರೆ ಹಣೆ ಸಿಡಿಯುತ್ತಿತ್ತು. ಮೇಲ್ದವಡೆಯ ಹಲ್ಲುಗಳು ಕಾರಣವಿಲ್ಲದೆ ನೋಯತೊಡಗಿದವು. ಮೂಗಿನಿಂದ ಇಳಿಯುತ್ತಿದ್ದ ಹಳದಿ ಸರಕಿನ ವರ್ಣನೆ ಬೇಡ, ನೀವು ಊಟಕ್ಕೆ ಕೂತಿರಬಹುದು. ಎಲ್ಲಕ್ಕಿಂತ ಘೋರವೆಂದರೆ, ವಾಸನೆ ಪೂರಾ ಮಾಯ! ವಿಷಯ ಹೊರಬಿದ್ದರೆ ಕೆಲಸಕ್ಕೇ ಸಂಚಕಾರ. ಪಾಪ, ಅವರಿಗೆ ನಿಜಕ್ಕೂ ಭಯವಾಗಿತ್ತು.

ಅದೇ ಹೊತ್ತಿಗೆ ಹೊಸ ಗುಲಾಬಿ ಸೋಪು ಪರೀಕ್ಷೆಗೆ ಬಂತು. ಆಚಾರ್ಯರು ಎಂದಿನಂತೆ ಒದ್ದೆ ಅಂಗೈಗೆ ಉಜ್ಜಿಕೊಂಡು ಕಣ್ಣುಮುಚ್ಚಿ ಮೂಸಿದರು. ಗೋಡೆ ಮೂಸಿದಂತಾಯಿತು.

"ಆಹಾ! ಈಗ ತಾನೇ ಅರಳಿದ ಗುಲಾಬಿ!" ಎಂದು ಘೋಷಿಸಿದರು.

ಮ್ಯಾನೇಜರು ಮೂಸಿದರು, ಹುಬ್ಬು ಗಂಟಿಕ್ಕಿದರು, ಮತ್ತೆ ಮೂಸಿದರು. "ಹೌದು ಸಾರ್... ಗುಲಾಬಿ," ಎಂದು ಮೂಗು ಉಜ್ಜಿಕೊಳ್ಳುತ್ತ ಹೋದರು. ಕೆಲಸದವರಿಗೆಲ್ಲ ಮನೆಗೊಂದು ಸೋಪು ಹಂಚಿದ್ದೂ ಆಯಿತು.

"ರೀ, ಇದೇನು ಕಮಟು ಎಣ್ಣೆ ವಾಸನೆ?" ಎಂದು ಹೆಂಡತಿ ಬಚ್ಚಲಿನಿಂದಲೇ ಕೂಗಿದಳು.

"ಗುಲಾಬಿ ಕಣೇ! ನಿನ್ನ ಮೂಗಲ್ಲೇ ಏನೋ ಐಬು. ಹೋಗಿ ತೋರಿಸ್ಕೋ!"

ಮರುದಿನ ಬೆಳಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದ ಆಚಾರ್ಯರು "ಅಯ್ಯಯ್ಯೋ!" ಎಂದು ಅಲ್ಲೇ ಕುಸಿದು ಕೂತರು. ಇನ್ನು ತಡೆಯಲಾಗಲಿಲ್ಲ. ಮುಖಕ್ಕೆ ಮಫ್ಲರ್ ಸುತ್ತಿಕೊಂಡು, ಕಳ್ಳಹೆಜ್ಜೆಯಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಹೋದರು.

ಬಾಗಿಲು ತಳ್ಳಿ ನೋಡಿದರೆ, ಬೆಂಚಿನ ತುಂಬ ಕಾರ್ಖಾನೆ! ಮ್ಯಾನೇಜರು, ಪ್ಯಾಕಿಂಗ್ ಹೆಂಗಸರು, ಗೇಟಿನ ಕಾವಲುಗಾರ, ಮೂಲೆಯಲ್ಲಿ ಸ್ವಂತ ಹೆಂಡತಿ!

"ನೀವೆಲ್ಲ ಯಾಕಿಲ್ಲಿ?"

"ಏನು ಹೇಳ್ಲಿ ಸಾರ್," ಮ್ಯಾನೇಜರು ಕೈ ಹಿಸುಕಿಕೊಂಡರು. "ಆ ಸೋಪು ನಮಗೆಲ್ಲ ಕಮಟು ನಾರುತ್ತೆ. ನೀವು ಗುಲಾಬಿ ಅಂದ ಮೇಲೆ ನಮ್ಮ ಮೂಗೇ ಕೆಟ್ಟಿರಬೇಕಲ್ಲ! ನೀವು ಮೊದಲು ಹೋಗಿ ಸಾರ್, ದೊಡ್ಡವರು."

ಒಳಗೆ ಡಾಕ್ಟರು ಕೆನ್ನೆ ಒತ್ತಿದರು. ಆಚಾರ್ಯರು ಚೀರಿದರು.

"ಸೈನಸ್ ಸೋಂಕು! ನೆಗಡಿಗೆ ಮೂಗಿನ ದಾರಿ ಊದಿ ಮುಚ್ಚಿಕೊಂಡಿದೆ. ಮುಖದ ಮೂಳೆಯೊಳಗಿನ ಟೊಳ್ಳುಗಳಲ್ಲಿ ಸಿಂಬಳ ನಿಂತು ಕೀವಾಗಿದೆ. ಹಲ್ಲುನೋವೂ ಅದರದ್ದೇ. ವಾಸನೆ ಗೊತ್ತಾಗ್ತಿದೆಯಾ?"

"ಮೆಲ್ಲಗೆ ಡಾಕ್ಟ್ರೇ!" ಆಚಾರ್ಯರು ಪಿಸುಗುಟ್ಟಿದರು. "ಒಂದಿಷ್ಟೂ ಇಲ್ಲ. ಹೊರಗೆ ನಮ್ಮವರಿದ್ದಾರೆ."

"ಓಹೋ! ಗುಲಾಬಿ ಅಂದವರು ನೀವೇನಾ?" ಡಾಕ್ಟರು ಕುಣಿದಾಡುವುದೊಂದು ಬಾಕಿ. ಓಡಿಹೋಗಿ ಬಾಗಿಲು ತೆರೆದು ಕೂಗಿದರು: "ಎಲ್ಲರೂ ಮನೆಗೆ ಹೋಗಿ! ಬೆಳಗ್ಗಿಂದ ನಿಮ್ಮ ಕಾರ್ಖಾನೆಯವರ ಎಷ್ಟು ಮೂಗು ನೋಡಿದರೂ ಕಾಯಿಲೆ ಸಿಗದೆ ನನ್ನ ಓದಿನ ಮೇಲೇ ನನಗೆ ಅನುಮಾನ ಬಂದಿತ್ತು. ಕೆಟ್ಟಿರೋ ಮೂಗು ಈಗ ಸಿಕ್ತು!"

ಹೆಂಡತಿ ನಿಧಾನವಾಗಿ ಎದ್ದು ಬಂದಳು.

"ಡಾಕ್ಟ್ರೇ, ಮೂಗಿಗೆ ಬರೆದಾದ ಮೇಲೆ ಅದರ ಕೆಳಗಿರೋ ಬಾಯಿಗೂ ಒಂದು ಔಷಧಿ ಬರೀರಿ!"