ಸ್ಪ್ರಿಂಗಿಗೆ ಹೇಳಿದ ತೂಕ

ತೂಕದ ವಿಷಯದಲ್ಲಿ ಮನುಷ್ಯನನ್ನು ನಂಬಬಾರದು. ಇದನ್ನು ನಾನು ಬಾಯಿಗೆ ಬಂದಂತೆ ಹೇಳುತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ತೂಕವನ್ನೇ ಹೊಟ್ಟೆಪಾಡು ಮಾಡಿಕೊಂಡವನು ಹೇಳುತ್ತಿದ್ದೇನೆ. ಜೇವರ್ಗಿ ದಾಟಿ ವಿಜಯಪುರದ ಕಡೆ ಹೊರಟರೆ ಎಡಕ್ಕೆ ನೀಲಿ ತಗಡಿನ ಒಂದು ಖೋಲಿ, ಅದರ ಮುಂದೆ ನೆಲಕ್ಕೆ ಸಮನಾಗಿ ಹಾಸಿದ ದೊಡ್ಡ ಕಬ್ಬಿಣದ ಹಲಗೆ ಇದೆ. ಅದೇ ನನ್ನ ಧರ್ಮಕಾಟಾ. ಹತ್ತಿ, ತೊಗರಿ, ಕಬ್ಬು, ಉಸುಕು, ಏನೇ ಹೇರಿಕೊಂಡು ಬಂದ ಲಾರಿಯಾಗಲಿ ಟ್ರ್ಯಾಕ್ಟರಾಗಲಿ ಹಲಗೆ ಹತ್ತಿ ನಿಂತರೆ, ಖೋಲಿಯೊಳಗೆ ನನ್ನ ಮುಂದೆ ಕೆಂಪು ಅಂಕಿ ಮೂಡುತ್ತದೆ. ತುಂಬಿದ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆಯುತ್ತೇನೆ, ಉಳಿದದ್ದು ನಿವ್ವಳ. ಚೀಟಿ ಹರಿದು ಕೈಗೆ ಕೊಟ್ಟ ಕೂಡಲೇ ರೈತನ ಬಾಯಿಂದ ಬರುವ ಮಾತು ಒಂದೇ: "ಅಣ್ಣಾರ, ಕಾಟಾ ತಪ್ಪು ತೋರಸಾಕತ್ತದ ನೋಡ್ರಿ." ನನ್ನ ಉತ್ತರವೂ ಒಂದೇ: "ಕಾಟಾ ತಪ್ಪು ತೋರಸಂಗಿಲ್ರಿ. ನೀವು ಮನ್ಯಾಗ ಅಂದಾಜು ಹಾಕಿದ್ದು ತಪ್ಪಾಗಿರ್ತದ." ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಒಮ್ಮೆ ಊಟಕ್ಕೆ ಕೂತಾಗ "ಉಪ್ಪು ಕಮ್ಮಿ ಆಗ್ಯದೇನ್ರಿ?" ಎಂದು ಹೆಂಡತಿ ಕೇಳಿದ್ದಕ್ಕೂ ಇದನ್ನೇ ಹೇಳಿದ್ದೆ.

ನನ್ನ ನಿಜವಾದ ತೊಂದರೆ ಬೇರೆ. ನನಗೆ ಒಂದು ಕಡೆ ಕೂತಿರಲು ಬರುವುದಿಲ್ಲ, ಸಿಕ್ಕದ್ದು ಮಾತ್ರ ಕೂಡುವ ಕೆಲಸ. ಮಂದಿಯ ಗಾಲಿಗಳು ಸೊಲ್ಲಾಪುರಕ್ಕೆ, ಹೈದರಾಬಾದಿಗೆ ಹೋಗುತ್ತವೆ. ನಾನು ಅವುಗಳ ತೂಕ ಬರೆದುಕೊಂಡು ಐದು ಹೆಜ್ಜೆಯ ಖೋಲಿಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತೇನೆ. ಕೂತರೆ ಕಾಲು ಅಲ್ಲಾಡುತ್ತದೆ, ಕಾಲಿನ ಜೊತೆ ಟೇಬಲ್ಲು, ಟೇಬಲ್ಲಿನ ಜೊತೆ ಚಹಾದ ಕಪ್ಪು. ಐವತ್ತು ದಾಟಿದ ಮೇಲೆ ಈ ಚಡಪಡಿಕೆ ತಲೆಗೇರಿ ಒಂದು ಅಡ್ವೆಂಚರ್ ಬೈಕ್ ತಂದುಬಿಟ್ಟೆ. ಹಿಮಾಲಯಕ್ಕೆ ಹೋಗುವವರು ತೆಗೆದುಕೊಳ್ಳುವ ಗಾಡಿ ಅದು. ಎಷ್ಟು ಎತ್ತರವೆಂದರೆ ಮನೆಯ ಕಟ್ಟೆಯ ಪಕ್ಕಕ್ಕೆ ತಂದು ನಿಲ್ಲಿಸಿದರೇ ನಾನು ಹತ್ತಬಲ್ಲೆ. ನನ್ನ ಹೆಂಡತಿ ಜಗದೇವಿ ಅದರ ಸುತ್ತ ಒಂದು ಸುತ್ತು ಬಂದು, "ಈ ವಯಸ್ಸಿನ್ಯಾಗ ಒಂಟೆ ತಂದೀರಲ್ಲ, ಮೇವು ಎಲ್ಲಿಂದ ತರ್ತೀರಿ?" ಎಂದಳು. ಆದರೆ ಹಣೆಗೆ ವಿಭೂತಿ ಹಚ್ಚುವಾಗ ಬೈಕಿನ ದೀಪಕ್ಕೂ ಮೂರು ಬೆರಳು ಎಳೆದಳು. ನಾನು ಅದನ್ನು ಒಪ್ಪಿಗೆ ಎಂದೇ ತಿಳಿದೆ.

ಒಂದು ಮಾತು ಬಿಚ್ಚಿ ಹೇಳಬೇಕು. ಬೈಕು ತಂದದ್ದು ಅರ್ಧ ನನ್ನ ಚಡಪಡಿಕೆಗೆ, ಇನ್ನರ್ಧ ಜಗದೇವಿಗೆ. ಮದುವೆಯಾಗಿ ಇಪ್ಪತ್ತಾರು ವರ್ಷ, ಅವಳು ಹೋದಲ್ಲೆಲ್ಲ ಒಬ್ಬಳೇ ಹೋದಳು. ಅವಳ ಅಕ್ಕನ ಮನೆ ಆಳಂದದಲ್ಲಿ. ಅಲ್ಲಿಯ ತೊಟ್ಟಿಲು, ಮದುವೆ, ಮಣ್ಣು, ಎಲ್ಲದಕ್ಕೂ ಚೀಲ ಹಿಡಿದುಕೊಂಡು ಬಸ್ಸು ಹತ್ತಿದಳು. "ಯಜಮಾನ್ರು ಬರಲಿಲ್ಲೇನವ್ವ?" ಎಂದು ಅಲ್ಲಿ ಎಲ್ಲರೂ ಕೇಳುತ್ತಿದ್ದರಂತೆ. "ಕಾಟಾ ಬಿಟ್ಟು ಹ್ಯಾಂಗ ಬರ್ತಾರ" ಎಂದು ಪ್ರತಿ ಸಲ ನನ್ನ ಪರವಾಗಿ ಅವಳೇ ಹೇಳುತ್ತಿದ್ದಳು. ಇದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ನನ್ನ ಕಾಟಾ ಬಂದ್ ಆಗುವುದು ಅಮಾವಾಸ್ಯೆಗೆ ಮಾತ್ರ, ಅವತ್ತು ಯಾರೂ ಮಾಲು ಹೇರುವುದಿಲ್ಲ. ಹಾಗಾಗಿ ಒಂದು ಅಮಾವಾಸ್ಯೆಯ ಬೆಳಿಗ್ಗೆ ಜಗದೇವಿಯನ್ನು ಹಿಂದೆ ಕೂಡಿಸಿಕೊಂಡು ಅಫಜಲಪುರದ ಮೇಲಿಂದ ಆಳಂದಕ್ಕೆ ಹೊರಟೆ. ಎದೆ ಉಬ್ಬಿತ್ತು. ಅಫಜಲಪುರ ಇನ್ನೂ ದೂರವಿರುವಾಗಲೇ, ಹವಳಗಾದ ಫ್ಯಾಕ್ಟರಿಗೆ ಕಬ್ಬು ಹೊತ್ತು ಹೋದ ಟ್ರ್ಯಾಕ್ಟರುಗಳು ರಸ್ತೆಯನ್ನು ಅಗಿದು ಉಗುಳಿದ್ದವು. ಪ್ರತಿ ತಗ್ಗಿಗೂ ಬೈಕಿನ ಹಿಂಭಾಗ ಪೂರ್ತಿ ಕುಸಿದು ಢಣ್ ಎಂದು ತಳ ಹೊಡೆಯುತ್ತಿತ್ತು, ಆಮೇಲೆ ಜಗದೇವಿ ಮೇಲೆ ಹಾರುತ್ತಿದ್ದಳು. ಮೊದಮೊದಲು "ಸಾವಕಾಶ ರೀ" ಎಂದಳು. ನಂತರ "ಅಯ್ಯೋ ಬಸವಣ್ಣಾ" ಎಂದಳು. ಆಮೇಲೆ ಏನೂ ಅನ್ನಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ಅಫಜಲಪುರ ಬಸ್ ಸ್ಟ್ಯಾಂಡಿನ ಮುಂದೆ "ನಿಲ್ಲಸ್ರಿ" ಎಂದಳು. ಇಳಿದಳು, ಸೀರೆ ಸರಿಮಾಡಿಕೊಂಡಳು, ಚೀಲ ತೆಗೆದುಕೊಂಡಳು. "ನಿಮ್ಮ ಒಂಟೆ ನಿಮಗಿರಲಿ. ನನಗ ನನ್ನ ಸೊಂಟ ಬೇಕು," ಎಂದವಳೇ ನಿಂತಿದ್ದ ಆಳಂದ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಳು. ಹೆಲ್ಮೆಟ್ಟು, ಜಾಕೆಟ್ಟು, ಮೊಣಕಾಲಿಗೆ ಕವಚ, ಇಷ್ಟೆಲ್ಲ ಕಟ್ಟಿಕೊಂಡ ನಾನು ಆಳಂದದವರೆಗೂ ಆ ಬಸ್ಸಿನ ಹೊಗೆ ಕುಡಿಯುತ್ತ ಹಿಂದೆಯೇ ಹೋದೆ. ಹಿಂದಿನ ಗಾಜಿನಲ್ಲಿ ಅವಳ ತುರುಬು ಕಾಣುತ್ತಿತ್ತು. ಒಮ್ಮೆಯೂ ತಿರುಗಲಿಲ್ಲ. ಅವತ್ತು ಸಂಜೆ ಅಕ್ಕನ ಎದುರಿಗೇ ತೀರ್ಪು ಕೊಟ್ಟಳು: "ಇನ್ನೊಂದು ಸರ್ತಿ ಕೂಡ್ತೇನಿ ನೋಡ್ರಿ. ಒಂದೇ ಸರ್ತಿ. ಅವಾಗೂ ಹಿಂಗೇ ಆತಂದ್ರ ನನಗ ಸಾಯೋತನಾ ಬಸ್ಸೇ."

ಮರುದಿನವೇ ಮೆಕ್ಯಾನಿಕ್ ಮಹೆಬೂಬ್ ಭಾಯಿಯ ಮುಂದೆ ಹೋಗಿ ನಿಂತೆ. ಅವನು ಸೀಟನ್ನು ಎರಡು ಸಲ ಒತ್ತಿ ನೋಡಿ, "ಸಾವಕಾರ್ರ, ಹಿಂದಿನ ಸ್ಪ್ರಿಂಗ್ ಒಬ್ಬರ ಲೆಕ್ಕದ್ದು ಅದ. ನೀವಿಬ್ಬರು ಕುಂತ್ರ ಅದರ ಜಾನ್ ಹೋಗ್ತದ. ಮಜಬೂತ್ ಸ್ಪ್ರಿಂಗ್ ತರಸ್ರಿ," ಎಂದ. ಯಾವುದು ಮಜಬೂತು? ಅಲ್ಲಿಂದ ನನ್ನ ನೆಮ್ಮದಿ ಹಾರಿಹೋಯಿತು. ಫೋನಿನಲ್ಲಿ ವಿಡಿಯೋ ನೋಡಲು ಹಿಡಿದೆ. ಒಬ್ಬ ಗಟ್ಟಿ ಸ್ಪ್ರಿಂಗ್ ಹಾಕಿ ಎಂದರೆ ಇನ್ನೊಬ್ಬ ಗಟ್ಟಿ ಹಾಕಿದರೆ ಬೆನ್ನು ಮುರಿಯುತ್ತದೆ ಎಂದ. ಮೂರನೆಯವನು ತಪ್ಪು ಸ್ಪ್ರಿಂಗಿನದಲ್ಲ, ಒಳಗಿನ ಎಣ್ಣೆಯದು ಎಂದು ಮುಗಿಸಿದ. ಕಾಟಾಕ್ಕೆ ಬಂದ ಲಾರಿಗಳಲ್ಲಿ ಮಾಲು ನೋಡುವುದು ಬಿಟ್ಟು ಅಡಿಯ ಪಾಟಾ, ಅಂದರೆ ಭಾರ ತಡೆಯುವ ಕಬ್ಬಿಣದ ಪಟ್ಟಿ, ನೋಡತೊಡಗಿದೆ. ಒಂದು ದಿನ ಬಗ್ಗಿ ಒಂದು ಲಾರಿಯ ಅಡಿಗೆ ಹೋಗಿದ್ದೆ. ಡ್ರೈವರ್ ನನ್ನನ್ನು ಯಾವುದೋ ಇಲಾಖೆಯವನೆಂದು ತಿಳಿದು, "ಸಾಹೇಬ್ರ, ಕಾಗದ ಎಲ್ಲಾ ಅವರಿ" ಎಂದು ಕಡತ ಹಿಡಿದುಕೊಂಡು ಬಂದ. ಮುಂದಿನ ಅಮಾವಾಸ್ಯೆಗೆ ದಿನ ಕಡಿಮೆಯಾಗುತ್ತಿದ್ದವು. ನನ್ನ ಕಾಲು ಇನ್ನೂ ಜೋರಾಗಿ ಅಲ್ಲಾಡುತ್ತಿತ್ತು.

ಕೊನೆಗೆ ಮಹೆಬೂಬ್ ಭಾಯಿಯೇ ಸೊಲ್ಲಾಪುರದ ಒಂದು ಅಂಗಡಿಗೆ ಫೋನ್ ಹಚ್ಚಿಕೊಟ್ಟ. ಅಂಗಡಿಯವ ಒಳ್ಳೆ ಕನ್ನಡದಲ್ಲಿ ಮೂರೇ ಪ್ರಶ್ನೆ ಕೇಳಿದ: "ನಿಮ್ಮ ತೂಕ ಎಷ್ಟ್ರಿ? ಹಿಂದ ಕೂಡೋರದು ಎಷ್ಟ್ರಿ? ಸಾಮಾನು ಎಷ್ಟ್ರಿ? ಅದರ ಮ್ಯಾಲೆ ಸ್ಪ್ರಿಂಗ್ ಆರಿಸಿ ಕಳಸ್ತೇನಿ." ಇಷ್ಟು ಸುಲಭವೇ ಎಂದು ಖುಷಿಯಾಯಿತು. ಆದರೆ ತೂಕ ಹೇಳಬೇಕಾದ ಗಳಿಗೆಗೆ ನನ್ನ ಇಪ್ಪತ್ತೆರಡು ವರ್ಷದ ಚಾಳಿ ಎದ್ದು ಕೂತಿತು. ನಾನು ಸುಳ್ಳು ಹೇಳಲಿಲ್ಲ, ದೇವರಾಣೆ. ಕಳೆದೆ, ಅಷ್ಟೇ. ಹೆಲ್ಮೆಟ್ಟು, ಜಾಕೆಟ್ಟು, ಬೂಟು ನನ್ನ ಮೈಯಲ್ಲವಲ್ಲ, ಕಳೆದೆ. ಮುಂಜಾನೆ ತಿಂದ ಸುಸಲಾ ಮಿರ್ಚಿ ಹೊಟ್ಟೆಯಲ್ಲಿ ತಾತ್ಕಾಲಿಕವಾಗಿ ಇರುವ ಮಾಲು, ಕಳೆದೆ. ಹೇಗೂ ಶ್ರಾವಣದಲ್ಲಿ ಒಪ್ಪೊತ್ತು ಮಾಡಬೇಕೆಂದಿದ್ದೆ, ಅದನ್ನೂ ಮುಂಗಡ ಕಳೆದೆ. ಎಂಬತ್ತು ಉಳಿಯಿತು. ಜಗದೇವಿ ಯಾವ ಮುಚ್ಚುಮರೆಯೂ ಇಲ್ಲದೆ ಅರವತ್ತೆಂಟು ಎಂದು ಹೇಳಿದ್ದಳು; ಹೆಂಗಸರ ತೂಕವನ್ನು ಪರರಿಗೆ ಹಾಗೆ ಹೇಳುವುದು ಮರ್ಯಾದೆಯಲ್ಲವೆಂದು ನಾನೇ ಅರವತ್ತಕ್ಕೆ ಇಳಿಸಿದೆ. ಸಾಮಾನು? ಒಂದು ಸಣ್ಣ ಚೀಲ, ಐದು ಕಿಲೋ.

ಸ್ಪ್ರಿಂಗ್ ಬಂತು, ಕೆಂಪು ಬಣ್ಣದ್ದು. ಮಹೆಬೂಬ್ ಭಾಯಿ ಹಾಕಿದ. ಇಬ್ಬರೂ ಕೂತಾಗ ಗಾಡಿ ತನ್ನ ಪೂರ್ತಿ ಕುಸಿತದ ಮೂರರಲ್ಲೊಂದು ಭಾಗ ಮಾತ್ರ ಇಳಿಯಬೇಕು, ಅದಕ್ಕಿಂತ ಹೆಚ್ಚು ಇಳಿದರೆ ಸ್ಪ್ರಿಂಗ್ ಮೆತ್ತಗಾಯಿತೆಂದು ಲೆಕ್ಕ. ಅಳೆಯಲು ಜಗದೇವಿ ತನ್ನ ಬ್ಲೌಸ್ ಹೊಲಿಯುವ ಟೇಪು ತಂದು ಅವನ ಕೈಗೆ ಕೊಟ್ಟು ನನ್ನ ಹಿಂದೆ ಹತ್ತಿ ಕೂತಳು. ಅವನು ಅಳೆದ. ಮತ್ತೆ ಅಳೆದ. "ಅರ್ಧಕ್ಕಿಂತ ಜಾಸ್ತಿ ಇಳದದರಿ," ಎಂದ. ನಾನು ಅಲ್ಲೇ ಸೊಲ್ಲಾಪುರಕ್ಕೆ ಫೋನ್ ಮಾಡಿ, ಎಂಥ ಸ್ಪ್ರಿಂಗ್ ಕಳಿಸೀರಿ ಎಂದು ಏರು ದನಿಯಲ್ಲಿ ಕೇಳಿದೆ. ಅಂಗಡಿಯವ ಸಮಾಧಾನವಾಗಿ, "ಸರ, ಸ್ಪ್ರಿಂಗ್ ತಪ್ಪಿಲ್ರಿ. ನೀವು ಅಂದಾಜು ಹಾಕಿದ್ದು ತಪ್ಪಾಗಿರ್ತದ," ಎಂದ. ನನ್ನದೇ ಮಾತು ನನ್ನ ಕಿವಿಗೇ ಬಿತ್ತು. ಬೆನ್ನ ಹಿಂದೆ ಕೂತಿದ್ದ ಜಗದೇವಿಗೂ ಕೇಳಿಸಿತ್ತು.

"ಎಷ್ಟು ಹೇಳೀರಿ?"

"ಎಂಬತ್ತು."

ಅವಳು ನಗತೊಡಗಿದಳು. ಗಾಡಿ ಅಲ್ಲಾಡಿತು, ಮೆತ್ತಗಿನ ಸ್ಪ್ರಿಂಗಲ್ಲವೇ, ನಗು ನಿಂತ ಮೇಲೂ ಅಲ್ಲಾಡುತ್ತಲೇ ಇತ್ತು. "ಎಂಬತ್ತು ನಮ್ಮ ಲಗ್ನದಾಗ ಇದ್ರಿ. ಖೋಲಿ ಮುಂದ ಅಷ್ಟು ದೊಡ್ಡ ಕಾಟಾ ಇಟ್ಕೊಂಡು ಬಾಯಿಲೆ ತೂಕ ಹೇಳ್ತೀರಲ್ರಿ! ನಡೀರಿ, ಕಾಟಾದ ಮ್ಯಾಲ ಹತ್ರಿ. ಚೀಟಿ ಬರಲಿಲ್ಲಂದ್ರ ನಾ ಗಾಡಿ ಹತ್ತಂಗಿಲ್ಲ."

ನಾವು ಮೂವರೂ ಕಾಟಾಕ್ಕೆ ಬರುವಷ್ಟರಲ್ಲಿ, ನನ್ನ ಹಣೆಬರಹಕ್ಕೆ, ಅಲ್ಲಿ ತೊಗರಿ ಹೇರಿಕೊಂಡು ಕಾಶೀನಾಥ ನಿಂತಿದ್ದ. ಅಫಜಲಪುರದ ಕಡೆಯ ಈ ರೈತ ವರ್ಷದಲ್ಲಿ ಎಷ್ಟು ಸಲ ಬಂದರೂ ಚೀಟಿಯನ್ನು ಬಿಸಿಲಿಗೆ ಹಿಡಿದು ನೋಡದೆ ಹೋದವನಲ್ಲ. ಹಲಗೆಯ ಮೇಲೆ ನಾನೇ ನಿಂತಾಗ ಅಂಕಿ ಓದುವವರು ಯಾರು? "ನಾ ಓದ್ತೇನಿ ಅಣ್ಣಾರ," ಎಂದು ಅವನು ಖೋಲಿಯೊಳಗೆ ನನ್ನ ಕುರ್ಚಿಯಲ್ಲಿ ಕೂತ. ಅಷ್ಟು ಸಂತೋಷ ಅವನ ಮುಖದಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. ಬೈಕೊಂದನ್ನೇ ನಿಲ್ಲಿಸಿದೆ. "ಇನ್ನೂರು!" ಎಂದು ಕೂಗಿದ. ಜಾಕೆಟ್ಟು, ಹೆಲ್ಮೆಟ್ಟು, ಬೂಟು ಹಾಕಿಕೊಂಡು ನಾನು ಹತ್ತಿದೆ. "ಮುನ್ನೂರಾ ಹತ್ತು!"

ಅಂದರೆ ನೂರಾ ಹತ್ತು. ಇಳಿದೆ, ಮತ್ತೆ ಹತ್ತಿದೆ. ಮುನ್ನೂರಾ ಹತ್ತು. ರೈತರು ಮಾಡುವಂತೆಯೇ ಗಾಡಿಯನ್ನು ಹಲಗೆಯ ಈ ಮೂಲೆಯಿಂದ ಆ ಮೂಲೆಗೆ ಸರಿಸಿದೆ. ಉಸಿರು ಹಿಡಿದು ನೋಡಿದೆ. ಮುನ್ನೂರಾ ಹತ್ತು. ಆಗ ಹೆಲ್ಮೆಟ್ಟಿನೊಳಗಿಂದ ನನ್ನ ಬಾಯಿಂದ ಜಾರಿಬಿಟ್ಟಿತು: "ಕಾಟಾ ತಪ್ಪು ತೋರಸಾಕತ್ತದ!"

ಮಹೆಬೂಬ್ ಭಾಯಿ ನಗು ಅಡಗಿಸಲು ತಲೆ ತಗ್ಗಿಸಿದ. ಕಾಶೀನಾಥ ಖೋಲಿಯಿಂದ ಹೊರಗೆ ಬಂದು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ನಿಧಾನವಾಗಿ ಕೇಳಿದ: "ಏನಂದ್ರಿ ಅಣ್ಣಾರ? ಇನ್ನೊಮ್ಮೆ ಅನ್ರಿ."

"ಅಲ್ಲಪಾ, ಹತ್ತು ಕಿಲೋ ಹೆಚ್ಚು ಕಮ್ಮಿ ಇರ್ತದ..."

"ನನ್ನ ತೊಗರಿಗೆ ಹೆಚ್ಚು ಕಮ್ಮಿ ಇರಂಗಿಲ್ಲ ಅಂತಿದ್ರಿ. ನಿಮ್ಮ ಹೊಟ್ಟಿಗಿ ಹ್ಯಾಂಗ ಬಂತ್ರಿ?"

ಜಗದೇವಿ ಇದ್ಯಾವುದಕ್ಕೂ ಕಾಯಲಿಲ್ಲ. ಹಿಂದೆ ಹತ್ತಿ ಕೂತಳು: ಮುನ್ನೂರಾ ಎಂಬತ್ತು. ಅಕ್ಕನಿಗೆಂದು ಕಟ್ಟಿದ ಸಣ್ಣ ಚೀಲ ಏರಿಸಿದಳು. ಕಟಕರೊಟ್ಟಿ, ಶೇಂಗಾ ಹಿಂಡಿ, ತೊಗರಿಬ್ಯಾಳಿ, ಉಪ್ಪಿನಕಾಯಿ ಭರಣಿ. ನಾನೂರು. ಒಂಟೆ ಹೊರಬೇಕಾದ ಭಾರವೂ ಇನ್ನೂರು, ಸರಿಯಾಗಿ ಒಂಟೆಯಷ್ಟೇ ಇತ್ತು. ಅವಳು ಚೀಟಿ ಹರಿದುಕೊಂಡು, ನನ್ನ ಫೋನು ಕಸಿದುಕೊಂಡು, ಸೊಲ್ಲಾಪುರಕ್ಕೆ ಅಂಕಿಗಳನ್ನು ತಾನೇ ಓದಿ ಹೇಳಿದಳು, ಏನೂ ಕಳೆಯದೆ. ಸ್ಪ್ರಿಂಗ್ ಹೊರುವುದು ಒಟ್ಟು ತೂಕವನ್ನು, ನನ್ನ ನಿವ್ವಳವನ್ನಲ್ಲ ಎಂಬುದು ಕಾಟಾ ಇಟ್ಟವನಿಗೆ ಹೊಳೆದಿರಲಿಲ್ಲ.

ಎರಡನೆಯ ಸ್ಪ್ರಿಂಗ್ ಬಂದಾಗ ಅಮಾವಾಸ್ಯೆಗೆ ಎರಡೇ ದಿನ. ಅಳೆದರೆ ಮೂರರಲ್ಲೊಂದು ಭಾಗ, ಸರಿಯಾಗಿ. ಅಮಾವಾಸ್ಯೆಯ ಬೆಳಿಗ್ಗೆ ಹೊರಟೆವು. ಅದೇ ರಸ್ತೆ, ಅದೇ ತಗ್ಗು. ಪ್ರತಿ ತಗ್ಗಿಗೂ ನಾನು ಹಲ್ಲು ಕಚ್ಚಿ ಢಣ್ ಎಂಬ ಸದ್ದಿಗೆ ಕಾಯುತ್ತಿದ್ದೆ, ಅದು ಬರಲಿಲ್ಲ. ಜಗದೇವಿಯೂ ಸುಮ್ಮನಿದ್ದಳು, ಹೋದ ಸಲದ ಸುಮ್ಮನಿರುವಿಕೆ ನೆನಪಾಗಿ ನಾನು ವೇಗ ಇನ್ನಷ್ಟು ಇಳಿಸಿದೆ. ಅಫಜಲಪುರ ಬಸ್ ಸ್ಟ್ಯಾಂಡು ಬಂತು. ಆಳಂದದ ಬಸ್ಸು ಅಲ್ಲೇ ನಿಂತಿತ್ತು. "ನಿಲ್ಲಸ್ರಿ," ಎಂದಳು. ಇಳಿದಳು, ಸೀರೆ ಸರಿಮಾಡಿಕೊಂಡಳು, ಬಸ್ಸನ್ನು ಒಮ್ಮೆ ನೋಡಿದಳು. ಚೀಲಕ್ಕೆ ಕೈ ಹಾಕಲಿಲ್ಲ. "ಚಾ ಕುಡ್ಯೂಣು ನಡೀರಿ. ಇಷ್ಟು ವರ್ಷ ಈ ಸ್ಟ್ಯಾಂಡಿನ್ಯಾಗ ಒಬ್ಬಾಕಿನೇ ಕುಡದೀನಿ," ಎಂದಳು. ಮುಖ ಮುಚ್ಚಲು ಹೆಲ್ಮೆಟ್ಟು ಇದ್ದದ್ದು ಒಳ್ಳೆಯದಾಯಿತು. ಅಷ್ಟರಲ್ಲಿ ಚಹಾ ಕೊಟ್ಟವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಾಟಾ ತಪ್ಪು ತೋರಸ್ತದ ಅಂದ ಕಾಟಾದ ಅಣ್ಣಾರು ನೀವೇ ಏನ್ರಿ?" ಎಂದ. ಕಾಶೀನಾಥ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿದ್ದ. ಆಳಂದದಲ್ಲಿ ಅಕ್ಕನ ನೆರೆಮನೆಯವರೂ ಅದನ್ನೇ ಕೇಳಿದರು.

ಊರಿಗೆ ಮರಳಿದ ಮೇಲೆ ಗೋಳು ಶುರುವಾಯಿತು. ಚೀಟಿ ತೆಗೆದುಕೊಂಡವರೆಲ್ಲ "ಕಾಟಾ ತಪ್ಪು ಅಂತ ನಿಮ್ಮ ಬಾಯಿಲೇ ಹೇಳೀರಂತಲ್ರಿ" ಎನ್ನತೊಡಗಿದರು. ಬೇಸತ್ತು, ತೂಕದ ಇಲಾಖೆಯವರನ್ನು ನಾನೇ ಕರೆಸಿ ಎಲ್ಲರ ಎದುರು ಕಾಟಾ ಪರೀಕ್ಷೆ ಮಾಡಿಸಿದೆ. ಎಳ್ಳಷ್ಟೂ ತಪ್ಪಿಲ್ಲವೆಂದು ಬರೆದುಕೊಟ್ಟರು. ಆ ಕಾಗದವನ್ನು ಖೋಲಿಯ ಗಾಜಿಗೆ ಹಚ್ಚಿದೆ; ಅದರ ಸರ್ಕಾರಿ ಭಾಷೆಯನ್ನು ಯಾರೂ ಓದಲಿಲ್ಲ. ಮರುದಿನ ಬುತ್ತಿ ತಂದ ಜಗದೇವಿ ಅದರ ಪಕ್ಕದಲ್ಲಿ ನಮ್ಮ ಹಳೆಯ ಚೀಟಿಯನ್ನೂ ಅಂಟಿಸಿ ಹೋದಳು: ಗಾಡಿ ಇನ್ನೂರು, ಮಾಲಕರು ಕೂತ ಮೇಲೆ ಮುನ್ನೂರಾ ಹತ್ತು. ಈಗ ಯಾರೂ ತಕರಾರು ಮಾಡುವುದಿಲ್ಲ. ಗಾಜಿನ ಮುಂದೆ ನಿಂತು ಚೀಟಿ ಓದುತ್ತಾರೆ, ಒಳಗೆ ಕೂತ ನನ್ನನ್ನು ಒಂದು ಗಳಿಗೆ ನೋಡುತ್ತಾರೆ, "ಕಾಟಾ ಖರೇ ಅದರಿ," ಎಂದು ಗಾಡಿಯನ್ನು ಹಲಗೆಯ ಮೇಲೆ ಹತ್ತಿಸುತ್ತಾರೆ.