ಸೊನ್ನೆಯಿಂದ ಭಾಗಿಸುವ ಕಾಕಾ

ನಮ್ಮ ಕಾಕಾ ಹಾಲು ಉಕ್ಕಿದರೆ ಒಲೆ ಆರಿಸುವವರಲ್ಲ! ಹಾಲು ಒಲೆಗಿಟ್ಟವರನ್ನು ಹುಡುಕಿಕೊಂಡು ಹೊರಡುವವರು. ಮಾಳಿಗೆಯ ಮೇಲೆ ಹಪ್ಪಳ ಹರವುತ್ತಿರುವ ನನ್ನ ಹತ್ತಿರ ಬಂದು, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ, "ಹಾಲು ಉಕ್ಕಾಕತ್ತೇತಿ ನೋಡವಾ" ಎನ್ನುತ್ತಾರೆ. ನಾನು ಕೆಳಗಿಳಿದು ಬರುವುದರೊಳಗೆ ಉಕ್ಕಲು ಪಾತ್ರೆಯಲ್ಲಿ ಏನು ಉಳಿದಿರುತ್ತದೆ ಹೇಳಿ?

ಇವರು ನನ್ನ ಯಜಮಾನರ ಚಿಕ್ಕಪ್ಪ. ಇಲ್ಲೇ ಹುಬ್ಬಳ್ಳಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಕೇಶ್ವಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಸ್ವಂತದ್ದೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಾರೆ. ಪೇಟೆಯಲ್ಲಿ ಸಿದ್ಧವಾದದ್ದೇ ಸಿಗುತ್ತದಲ್ಲ ಎಂದೆ ಒಮ್ಮೆ. "ಪ್ಯಾಟ್ಯಾಗ ರೊಟ್ಟಿನೂ ಸಿಗ್ತಾವ. ಮತ್ತ ನೀ ಯಾಕ ಬಡೀತಿ?" ಎಂದು ನನ್ನ ಬಾಯಿ ಮುಚ್ಚಿಸಿದರು.

ಅವರದು ಮೈಕ್ರೋಕರ್ನಲ್. ಅಂದರೆ, ನಡುವೆ ಕೂತ ಯಜಮಾನ ಬಲು ಕಡಿಮೆ ಕೆಲಸ ಮಾಡುತ್ತಾನೆ. (ನಮ್ಮ ಮನೆಯವರ ಹಾಗೇ!) ಉಳಿದದ್ದೆಲ್ಲ ಹೊರಗಿನ ಆಳುಗಳ ಪಾಲು. ಒಟ್ಟೊಟ್ಟಿಗೆ ಓಡುವ ಕೆಲಸಗಳಿಗೆ ಥ್ರೆಡ್, ಎಂದರೆ ಎಳೆ ಎನ್ನುತ್ತಾರಂತೆ. ಒಂದು ಎಳೆ ಸೊನ್ನೆಯಿಂದ ಭಾಗಿಸಲು ಹೋಯಿತೆನ್ನಿ, ಯಂತ್ರ ಇದಾಗದು ಎಂದು ತಡೆಯುತ್ತದೆ. ಯಜಮಾನ ಆ ಸುದ್ದಿಯನ್ನು ಹೊರಗಿನ ಆಳುಗಳಲ್ಲೇ ಒಬ್ಬನಾದ ವಾಲೀಕಾರನಿಗೆ, ಅಂದರೆ ಓಲೆ ಮುಟ್ಟಿಸುವವನಿಗೆ, ಕೊಡುತ್ತಾನೆ. (ಅವನೂ ಒಂದು ಎಳೆಯೇ.) ವಾಲೀಕಾರ ಅದನ್ನು ಎಳೆಗೆ ತಿಳಿಯುವಂಥ ಸಿಗ್ನಲ್ ಮಾಡಿ, ತಪ್ಪು ಮಾಡಿದ ಎಳೆಗೆ ಮಾತ್ರ ಮುಟ್ಟಿಸಬೇಕು. ಉಳಿದವು ತಮ್ಮ ಪಾಡಿಗೆ ಓಡಬೇಕು. ಹಾಲಿನ ಸುದ್ದಿ ಮಾಳಿಗೆಗೆ ಯಾಕೆ ಬರುತ್ತಿತ್ತೆಂದು ನನಗೆ ಆಗ ತಿಳಿಯಿತು! ಆದರೆ ಕಾಕಾ ಅವರ ಯಂತ್ರದಲ್ಲಿ ಒಂದು ಎಳೆ ತಪ್ಪಿದರೆ ಇಡೀ ಪರದೆಯೇ ಸ್ತಬ್ಧ.

ಅದನ್ನು ಸರಿಪಡಿಸಲು ಈಗ ಅವಸರವಿತ್ತು. ಕಾಕಾ ಅವರ ಎದೆಯ ಆಪರೇಶನ್ ಆಗಬೇಕಿತ್ತು, ತಡಮಾಡಬೇಡಿ ಎಂದು ಡಾಕ್ಟರರು ಹೇಳಿದ್ದರು. ಈ ಸಿಗ್ನಲ್ ಸರಿಯಾಗಿ ಮುಟ್ಟಿದ್ದನ್ನು ಕಣ್ಣಾರೆ ನೋಡುವವರೆಗೆ ದವಾಖಾನೆಗೆ ಬರುವುದಿಲ್ಲವೆಂದು ಕಾಕಾ ಅವರ ಹಟ. ಚಿಂತೆಗೆ ನಮಗೆ ಊಟ ಸೇರದು, ಕಾಕಾ ಮಾತ್ರ ಮತ್ತೆ ಮತ್ತೆ ಝುಣಕ ಹಾಕಿಸಿಕೊಂಡು ಉಣ್ಣುತ್ತಿದ್ದರು!

ಒಂದು ಬೆಳಿಗ್ಗೆ ನಳಕ್ಕೆ ನೀರು ಬಂದಿತ್ತು. ಪಕ್ಕದ ಮನೆಯ ಟಾಕಿ ತುಂಬಿ ಸುರಿಯುತ್ತಿರುವುದನ್ನು ಕಂಡ ಕಾಕಾ, ಆ ಮನೆಯವರಿಗೆ ಹೇಳಲು ಹೊರಟರು. ಹೊರಟವರು ಯಾವುದೋ ಯೋಚನೆಯಲ್ಲಿ, ಅಂಗಳದಲ್ಲಿ ಎದುರಾದ ನನಗೇ "ಟಾಕಿ ತುಂಬಿ ಸುರಿಯಾಕತ್ತೇತಿ" ಎಂದುಬಿಟ್ಟರು. ನಾನು ಓಡಿಹೋಗಿ ನಮ್ಮ ಮೋಟಾರು ನಿಲ್ಲಿಸಿದೆ. ಪಕ್ಕದವರ ಟಾಕಿ ಸುರಿಯುತ್ತಲೇ ಇತ್ತು, ನಮ್ಮದು ಅರ್ಧ ಖಾಲಿ!

"ಯಾರ ಟಾಕಿ ಅಂತ ನೆನಪ ಇಟ್ಕೊಂಡು ಅವರಿಗೇ ಹೇಳಬೇಕ್ರಿ ಕಾಕಾ. ಎದುರಿಗೆ ಸಿಕ್ಕವರಿಗೆ ಹೇಳಿದ್ರ ಹೆಂಗ?" ಎಂದೆ.

ಕಾಕಾ ಅಲ್ಲೇ ನಿಂತುಬಿಟ್ಟರು. ಅವರ ವಾಲೀಕಾರ ಮಾಡುತ್ತಿದ್ದದ್ದೂ ಅದನ್ನೇ ಅಂತೆ! ಆ ಕ್ಷಣಕ್ಕೆ ಯಾರು ಓಡುತ್ತಿರುವರೋ ಅವರಿಗೆ ಸಿಗ್ನಲ್ ಕೊಡುತ್ತಿದ್ದ. ಆ ಕ್ಷಣಕ್ಕೆ ಓಡುತ್ತಿದ್ದವನು ಯಾರು? ಅವನೇ. ತನಗೆ ತಾನೇ ಕೊಟ್ಟುಕೊಂಡು ಸಾಯುತ್ತಿದ್ದ ಪುಣ್ಯಾತ್ಮ, ಅದಕ್ಕೇ ಇಡೀ ಪರದೆ ಸ್ತಬ್ಧ!

ಮಧ್ಯಾಹ್ನ ನಮ್ಮನ್ನೆಲ್ಲ ಕೋಣೆಗೆ ಕರೆದರು. ಪರದೆಯ ಮೇಲೆ ಎಳೆಗಳ ಸಾಲು. ಒಂದಕ್ಕೆ ನನ್ನ ಹೆಸರು, ಒಂದಕ್ಕೆ ಯಜಮಾನರದು, ಒಂದಕ್ಕೆ ಮಗಳದು, ಕೊನೆಯದಕ್ಕೆ 'ಕಾಕಾ'. ಎಲ್ಲರ ಮುಂದೆಯೂ ಅಂಕಿ ಓಡುತ್ತಿತ್ತು. ಅವರು ಕೀಲಿ ಒತ್ತಿದರು. 'ಕಾಕಾ' ಸೊನ್ನೆಯಿಂದ ಭಾಗಿಸಿ ಅಳಿಸಿಹೋಯಿತು. ನಾವು ಮೂವರು ಓಡುತ್ತಲೇ ಇದ್ದೆವು.

"ಛಲೋ ಆತು," ಎಂದರು ಕಾಕಾ. "ನಾ ಇಲ್ಲಂದ್ರೂ ನೀವು ನಿಂದ್ರಂಗಿಲ್ಲ."

ಅಳಿಸಿಹೋದ ಸಾಲಿನತ್ತ ಬೆರಳು ಮಾಡಿ ನಾನೇ ಕೇಳಿದೆ, ಸಿಗ್ನಲ್ ಬಂದ ಎಳೆ ಸಾಯಲೇಬೇಕೇ ಎಂದು. ಹಾಗೇನಿಲ್ಲವಂತೆ. ಸಿಗ್ನಲ್ ಬಂದರೆ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟರೆ ಎಳೆ ಸಾವರಿಸಿಕೊಂಡು ಮುಂದೆ ಓಡುತ್ತದಂತೆ. ತಮ್ಮ ಎಳೆಗೆ ಅದನ್ನು ಬರೆಯಲಿಲ್ಲ, ಅಷ್ಟೇ ಎಂದರು.

"ಹಂಗಾದ್ರ ಅದನ್ನೂ ಬರೀರಿ ಕಾಕಾ," ಎಂದೆ. "ಬರದ ಮ್ಯಾಲೆ ದವಾಖಾನಿಗೆ ಹೋಗೂಣು."

ಕಾಕಾ ನನ್ನ ಮುಖವನ್ನೇ ನೋಡಿದರು. ಆಮೇಲೆ ಕನ್ನಡಕ ಒರೆಸಿಕೊಂಡು, ಕುರ್ಚಿಯನ್ನು ಮುಂದಕ್ಕೆಳೆದು ಕೂತರು.