ಪೋಷಕರ ಸಾಲಿನಲ್ಲಿ ವೆಂಡೆಲ್

ವೆಂಡೆಲ್ ಪ್ರೂಯಿಟ್ ಟೈ ಕಟ್ಟಿಕೊಂಡು ಹೋದದ್ದೇ ತಪ್ಪಾಯಿತು.

ಕ್ಯಾಲಿಫೋರ್ನಿಯಾದ ಮರೀಡಾದಲ್ಲಿ ಹಗಲೆಲ್ಲ ಸಿಟಿ ಬಸ್ ಓಡಿಸಿ, ಸಂಜೆ ಸಮುದಾಯ ಕಾಲೇಜಿನ ಬೆಂಚು ಸವೆಸಿ, ಎರಡು ವರ್ಷದ ಓದನ್ನು ಏಳು ವರ್ಷ ಎಳೆದವನು ಅವನು. ನಲವತ್ತಾರನೆಯ ವಯಸ್ಸಿಗೆ ಅಂತೂ ಸರ್ಕಾರಿ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೀಟು ಸಿಕ್ಕಿತ್ತು. ಹೊಸಬರು ಪೋಷಕರೊಡನೆ ಬಂದು ತರಗತಿ ಆರಿಸಿಕೊಳ್ಳುವ ದಿನ ಅದು. ಸಂಜೆಯ ತರಗತಿ ಸಿಗದಿದ್ದರೆ ಬಸ್ಸಿನ ಕೆಲಸಕ್ಕೆ ಸಂಚಕಾರ.

ಬಾಗಿಲಲ್ಲಿದ್ದ ಹುಡುಗಿ ಟೈ ನೋಡಿದಳು, ಬೋಳುತಲೆ ನೋಡಿದಳು, 'ಪೋಷಕರು' ಎಂಬ ಬಿಲ್ಲೆಯನ್ನು ಅವನ ಎದೆಗೆ ಚುಚ್ಚಿದಳು. "ಪೇರೆಂಟ್ಸ್ ಆ ಕಡೆ, ಸಾರ್."

"ಇಲ್ಲಮ್ಮ, ನಾನು..." ಎನ್ನುವಷ್ಟರಲ್ಲಿ ಬರ್ಟ್ ಎಂಬ ದಢೂತಿ ಅಪ್ಪನೊಬ್ಬ ಹೆಗಲಿಗೆ ಕೈಹಾಕಿ ಪೋಷಕರ ಸಭಾಂಗಣಕ್ಕೆ ಎಳೆದೊಯ್ದು, ಕುರ್ಚಿಗಳ ಸಾಲಿನಲ್ಲಿ ಕೂರಿಸಿದ. "ನಿಮ್ದು ಮಗನೋ ಮಗಳೋ?"

ಬಾಗಿಲಾಚೆ ಮೀಸೆ ಚಿಗುರುವ ಹುಡುಗರು. 'ನಾನೇ ವಿದ್ಯಾರ್ಥಿ' ಎನ್ನಲು ವೆಂಡೆಲನಿಗೆ ನಾಲಿಗೆ ಹೊರಳಲಿಲ್ಲ. "ಮಗ," ಎಂದುಬಿಟ್ಟ.

"ಹೇಗೆ ಓದ್ತಾನೆ?"

ಸುಳ್ಳು ಕಟ್ಟಲು ಬಾರದೆ ತನ್ನ ಕಥೆಯನ್ನೇ ಹೇಳಿದ. "ಎರಡು ವರ್ಷದ್ದಕ್ಕೆ ಏಳು ವರ್ಷ ತಗೊಂಡ. ಲೆಕ್ಕದಲ್ಲಿ ಮೂರು ಸಲ ಫೇಲು. ಮದುವೆ ಬೇರೆ ಆಗಿದೆ."

"ಮನೇಲೇ ಇದ್ದಾನಾ?"

"ಹ್ಞೂಂ. ನನ್ನ ಶರ್ಟುಗಳನ್ನೇ ಹಾಕ್ಕೊಳ್ತಾನೆ."

"ಕತ್ತು ಹಿಡಿದು ಆಚೆ ದಬ್ರೀ ಅಂಥವನನ್ನ!"

ಸುದ್ದಿ ಸಾಲಿನ ತುದಿಯವರೆಗೂ ಹಬ್ಬಿತು. ಒಬ್ಬರು ವೈದ್ಯರ ವಿಳಾಸ ಕೊಟ್ಟರು, ಇನ್ನೊಬ್ಬರು ಸೈನ್ಯಕ್ಕೆ ಸೇರಿಸಿ ಎಂದರು. ಕೊನೆಗೆ ಬರ್ಟ್ ಅವನನ್ನು ವೇದಿಕೆಗೇ ಹತ್ತಿಸಿ, "ಇಂಥ ಮಗನನ್ನೂ ಕೈಬಿಡದ ತಂದೆ ಇವರು!" ಎಂದು ಮೈಕಿನಲ್ಲಿ ಕೂಗಿದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಏಳು ವರ್ಷದಲ್ಲಿ ತನ್ನ ಓದಿಗೆ ಸಿಕ್ಕ ಮೊದಲ ಚಪ್ಪಾಳೆ ಇದು ಎನಿಸಿ ವೆಂಡೆಲನ ಕಣ್ಣು ತುಂಬಿತು. ಜನ ಅದನ್ನೂ ಮಗನ ಲೆಕ್ಕಕ್ಕೇ ಹಾಕಿದರು.

ಕೆಳಗಿಳಿದಾಗ ಪಕ್ಕದ ಕುರ್ಚಿಯ ಒಡೆಸ್ಸಾ ಎಂಬ ನರೆಗೂದಲಿನ ಹೆಂಗಸು ಕರವಸ್ತ್ರ ಕೊಟ್ಟಳು. "ಅಳಬೇಡಿ. ನನ್ನ ಮಗಳೂ ಹೀಗೇ."

ಆ ಕರುಣೆಯನ್ನು ಅವನಿಂದ ತಾಳಲಾಗಲಿಲ್ಲ. "ಅಕ್ಕಾ, ನನಗೆ ಮಗನೇ ಇಲ್ಲ. ಆ ದಡ್ಡ ನಾನೇ," ಎಂದು ಪಿಸುಗುಟ್ಟಿದ.

ಒಡೆಸ್ಸಾ ಅವನನ್ನೇ ದಿಟ್ಟಿಸಿದಳು. ಆಮೇಲೆ ತನ್ನ ಎದೆಯ ಬಿಲ್ಲೆಯನ್ನು ಕಿತ್ತಳು. "ನನಗೂ ಮಗಳಿಲ್ಲ ಕಣೋ. ಏಳು, ಓಡು!"

ಇಬ್ಬರೂ ಏದುಸಿರು ಬಿಡುತ್ತ ತರಗತಿ ಆರಿಸುವ ಕೋಣೆಗೆ ನುಗ್ಗಿದಾಗ ಅಲ್ಲಿದ್ದ ಗುಮಾಸ್ತೆ ಕಂಪ್ಯೂಟರ್ ಬಂದ್ ಮಾಡುತ್ತಿದ್ದಳು.

"ಸಂಜೆಯವೆಲ್ಲ ಭರ್ತಿ. ಬೆಳಗ್ಗೆ ಏಳು ಗಂಟೆಯದೊಂದರಲ್ಲಿ ಎರಡು ಜಾಗ ಇದೆ."

ಅದೇ ಹೊತ್ತಿಗೆ ವೆಂಡೆಲನ ಬಸ್ಸು ಡಿಪೋ ಬಿಡುವುದು. "ವಿಷಯ ಯಾವುದಮ್ಮ?" ಎಂದ, ಸತ್ತ ದನಿಯಲ್ಲಿ.

"ಮಕ್ಕಳನ್ನು ಬೆಳೆಸುವುದು ಹೇಗೆ."

"ಬರ್ಕೊಳ್ಳಮ್ಮ," ಎಂದಳು ಒಡೆಸ್ಸಾ. "ಇವರಿಗೆ ಅನುಭವ ಇದೆ."